ಎಡಗೈ ನೂಲಿನ ಕಂಬಳಿ

ಜಲನಗರ, ವಿಜಯಪುರ
೨೪ ನವೆಂಬರ್ ೨೦೨೪, ರವಿವಾರ

ಪ್ರೀತಿಯ ಯಪ್ಪಾ,

ನಿನ್ನ ಮಗಳು ಲಲಿತಾ ಮಾಡುವ ಶರಣು. ಮೊದಲು ನಿನ್ನ ಮೊಣಕಾಲಿನ ಸುದ್ದಿ ಹೇಳು. ಕೂತು ಏಳುವಾಗ ಕಟಕಟ ಅನ್ನುತ್ತಿತ್ತಲ್ಲ, ಈಗ ಹೇಗಿದೆ? ಅಜ್ಜಿ ಕಳಿಸಿದ ಎಣ್ಣೆಯನ್ನು ನೀನು ಹಚ್ಚಿಕೊಳ್ಳುತ್ತೀಯೋ ಅಥವಾ ಅದನ್ನೂ ಕುರಿಗಳ ಕಾಲಿಗೇ ಹಚ್ಚಿ ಮುಗಿಸಿದೆಯೋ? ನಿನ್ನ ಗುಣ ನನಗೆ ಗೊತ್ತು. ನೀವು ಕುರಿ ಮೇಯಿಸುತ್ತಿರುವ ಕೃಷ್ಣೆಯ ದಂಡೆಯಲ್ಲಿ ಈಗ ಬೆಳಗಿನ ಥಂಡಿ ಜೋರಂತೆ, ಕಿವಿ ಮುಚ್ಚುವಂತೆ ಟವೆಲ್ ಸುತ್ತಿಕೋ. ಒಲೆಯ ಹೊಗೆಗೆ ಅವ್ವನ ಕಣ್ಣು ಉರಿಯುತ್ತಿದ್ದವು, ಹನಿ ಹಾಕಿಕೊಳ್ಳಲು ಹೇಳು. ನನ್ನ ಕುರಿ ಚುಕ್ಕಿ ಈದಳೇ? ಹೆಣ್ಣು ಮರಿಯಾಗಿದ್ದರೆ ಅದು ನನ್ನದು, ಈಗಲೇ ಹೇಳಿರುತ್ತೇನೆ. ಹೋದ ವಾರ ನಿಮ್ಮ ತಂಡದ ಹತ್ತಿರ ತೋಳ ಬಂದಿತ್ತಂತೆ, ನೀನು ಒಂದೇ ಕಲ್ಲಿಗೆ ಅದನ್ನು ಓಡಿಸಿದೆಯಂತೆ. ಗೊಲ್ಲಾಳಪ್ಪ ಕಾಕಾ ನಮ್ಮೂರು ಮಮದಾಪುರದ ತುಂಬ ಡಂಗುರ ಸಾರಿದ್ದಾನೆ. ಕೇಳಿದಾಗಿನಿಂದ ನನ್ನ ಎದೆ ಉಬ್ಬಿದ್ದು ಇನ್ನೂ ಇಳಿದಿಲ್ಲ.

ಫೋನ್ ಇರುವಾಗ ಪತ್ರ ಯಾಕೆ ಎಂದು ಕೇಳುತ್ತೀ. ನಿನ್ನ ಫೋನಿನ ಕಥೆ ನನಗೆ ಗೊತ್ತಿಲ್ಲವೇ? ಯಾರದೋ ಹೊಲದ ಪಂಪ್‌ಸೆಟ್ ಮನೆಯಲ್ಲಿ ಚಾರ್ಜ್ ಮಾಡಿ, ಅದು ಖರ್ಚಾದೀತೆಂದು ಬಂದ್ ಮಾಡಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಳ್ಳುತ್ತೀ. ಅಪ್ಪಿತಪ್ಪಿ ಸಿಕ್ಕರೂ ನಾನು ‘ಯಪ್ಪಾ’ ಎನ್ನುವಷ್ಟರಲ್ಲಿ ‘ಹ್ಞೂಂ, ಆರಾಮ ಅದೇವಿ, ಫೋನ್ ಇಡ್ಲಿ?’ ಎಂದು ಇಟ್ಟೇಬಿಡುತ್ತೀ. ಇವತ್ತಿನ ಸುದ್ದಿ ಅಷ್ಟರಲ್ಲಿ ಹಿಡಿಯುವಂಥದ್ದಲ್ಲ. ಗೊಲ್ಲಾಳಪ್ಪ ಕಾಕಾ ಮಂಗಳವಾರ ನಿಮಗೆ ಜೋಳದ ಹಿಟ್ಟು ಮುಟ್ಟಿಸಲು ಹೊರಟಿದ್ದಾನೆ, ಚೀಲದ ಜೊತೆ ಇದನ್ನೂ ಕೊಟ್ಟು ಕಳಿಸುತ್ತೇನೆ. ಪತ್ರವನ್ನು ಪುಸ್ತಕದ ಕನ್ನಡದಲ್ಲಿ ಬರೆಯಬೇಕೆಂದು ನಮ್ಮ ಕಾಲೇಜಿನ ಮೇಡಂ ಕಲಿಸಿದ್ದಾರೆ, ಓದುವಾಗ ನೀನು ನಮ್ಮ ಮಾತಿಗೆ ತಿರುಗಿಸಿಕೋ. ಅವ್ವನ ಮುಂದೆ ಜೋರಾಗಿ ಓದು. ನಾಲ್ಕನೇ ಇಯತ್ತೆ ಪಾಸಾದದ್ದು ಮತ್ತೆ ಯಾವ ದಿನಕ್ಕೆ? ಅಲ್ಲಲ್ಲಿ ಮಸಿ ಹರಡಿದ್ದು ಕಂಡರೆ ಹುಡುಗಿ ಅತ್ತಿದ್ದಾಳೆ ಎಂದು ಗಾಬರಿಯಾಗಬೇಡ. ಅದರ ಕಾರಣ ಬೇರೆ, ಮುಂದೆ ಬರುತ್ತದೆ.

ದೀಪಾಲಿ ಅಕ್ಕನ ನಿಶ್ಚಿತಾರ್ಥ ಗುರುವಾರ ಇಲ್ಲಿ ಅತ್ತೆಯ ಮನೆಯ ಮುಂದೆಯೇ ಚಪ್ಪರ ಹಾಕಿ ಆಯಿತು. ಹುಡುಗ ತಿಕೋಟಾದವನು, ಹೈಸ್ಕೂಲ್ ಮಾಸ್ತರ. ಮನೆಯಲ್ಲಿ ದ್ರಾಕ್ಷಿಯ ತೋಟ ಇದೆಯಂತೆ. ಮಾತು ಕಡಿಮೆ, ನಗು ಜಾಸ್ತಿ, ನಮ್ಮ ದೀಪಾಲಿ ಅಕ್ಕನಿಗೆ ಸರಿಯಾದ ಜೋಡಿ, ಯಾಕೆಂದರೆ ಮಾತಿನ ಪಾಲನ್ನೆಲ್ಲ ಅವಳೇ ತೆಗೆದುಕೊಳ್ಳುತ್ತಾಳೆ. ಕುರಿ ಈಯುವ ಹೊತ್ತಿನಲ್ಲಿ ತನ್ನ ಮಗಳ ಕಾರ್ಯಕ್ಕೆ ನಿನಗೆ ಬರಲಾಗಲಿಲ್ಲವೆಂದು ಹೀರಾಬಾಯಿ ಅತ್ತೆ ಎಲ್ಲರ ಮುಂದೆ ಮುಖ ಊದಿಸಿಕೊಂಡಳು. ತಂಗಿಗೆ ಅಷ್ಟು ಹಕ್ಕಿಲ್ಲವೇ? ಆದರೆ ಅವಳ ನಿಜವಾದ ಚಿಂತೆ ಬೇರೆ ಇತ್ತು. ನಮ್ಮ ಮನೆತನದಲ್ಲಿ ಹೆಣ್ಣಿಗೆ ಉಡಿ ತುಂಬುವಾಗ ಕೂರಿಸುವ ಕಂಬಳಿ ಸೋದರಮಾವನ ಮನೆಯಿಂದಲೇ ಬರಬೇಕು, ಅವನ ಕುರಿಯ ಉಣ್ಣೆಯದೇ ಆಗಿರಬೇಕು, ಅವನೇ ಹಾಸಬೇಕು, ಅವನಿಲ್ಲದಿದ್ದರೆ ಅವನ ಮಕ್ಕಳು. ನೀನು ಉಣ್ಣೆ ಕತ್ತರಿಸಿ ಅಜ್ಜಿಯ ಮುಂದೆ ಸುರುವಿ ಹೇಳಿದ ಮಾತು ನನಗೆ ಬಾಯಿಪಾಠ: ‘ಕರಿ ಅಂದ್ರ ಕರಿ ಇರಬೇಕ್ ಬೇ. ಒಂದ ಗೆರಿ ಕಾಣಬಾರದು. ಅಮೋಘಸಿದ್ದನ ಕಂಬಳಿ ಅಂತ ಮಂದಿ ಮುಟ್ಟಿ ನೋಡಬೇಕು.’

ಮಂದಿ ಮುಟ್ಟಿ ನೋಡಿದರು ಯಪ್ಪಾ. ಆದರೆ ಒಂದು ಗೆರೆಯಲ್ಲ, ಎಣಿಸಲಾಗದಷ್ಟು ಗೆರೆ ಇದ್ದವು. ಇಷ್ಟಕ್ಕೇ ಪತ್ರ ಮಡಚಿ ಬೈಯಲು ಶುರುಮಾಡಬೇಡ, ಪೂರಾ ಓದು.

ನನ್ನ ಎಡಗೈಯ ಕಥೆ ನಿನಗೆ ಹೊಸದಲ್ಲ. ನಡೆಯಲು ಕಲಿತ ದಿನದಿಂದ ಎಲ್ಲದಕ್ಕೂ ಅದೇ ಮುಂದೆ. ಚೆಂಡು, ಚಮಚ, ಬಳಪ, ಕುರಿಮರಿಯ ಕಿವಿ, ಯಾವುದಕ್ಕೂ ಎಡಗೈ. ನಾನು ಶಾಲೆಗೆ ಹೋಗುವ ಮೊದಲೇ ನೀನು ಉಣ್ಣೆಯ ದಾರದಿಂದ ಆ ಕೈಯನ್ನು ನನ್ನ ಉಡಿದಾರಕ್ಕೆ ಕಟ್ಟುತ್ತಿದ್ದೆ. ಮನೆಯಲ್ಲಿ ಕಟ್ಟು, ಓಣಿಯಲ್ಲಿ ಕಟ್ಟು. ಆದರೆ ನಿನ್ನ ಹಿಂದೆ ಕುರಿ ಬಿಡಲು ಬಂದರೆ, ಊರು ದಾಟಿ ಕೆರೆಯ ಏರಿ ಹತ್ತಿದ ಕೂಡಲೇ ನೀನು ಕೂತು ಆ ಗಂಟು ಬಿಚ್ಚುತ್ತಿದ್ದೆ. ‘ಇಲ್ಲಿ ಕುರಿ ಬಿಟ್ರ ಯಾರೂ ಇಲ್ಲ. ಆಡು ಹೋಗ’ ಎನ್ನುತ್ತಿದ್ದೆ. ಸಂಜೆ ಇಳಿಯುವಾಗ ಮತ್ತೆ ಕಟ್ಟುತ್ತಿದ್ದೆ, ಅದೂ ಸಡಿಲವಾಗಿ, ಊರಿಗೆ ತೋರಿಸಲು ಎಷ್ಟು ಬೇಕೋ ಅಷ್ಟು. ಯಾಕೆ ಕಟ್ಟುತ್ತಾನೆ ಎಂದು ನನಗೆ ನಿನ್ನ ಮೇಲೆ ಬಹಳ ಸಿಟ್ಟಿತ್ತು. ಯಾಕೆ ಬಿಚ್ಚುತ್ತಾನೆ ಎಂದು ಮಾತ್ರ ಒಮ್ಮೆಯೂ ಕೇಳಿಕೊಳ್ಳಲಿಲ್ಲ.

ಅಂತೂ ಊಟ, ಬರವಣಿಗೆ ಎರಡೂ ಬಲಗೈಗೆ ಬಂದವು. ಊಟಕ್ಕೆ ತಕರಾರಿಲ್ಲ, ರೊಟ್ಟಿ ಯಾವ ಕೈಯಿಂದ ಹೋದರೂ ರುಚಿ ಅದೇ. ಬರವಣಿಗೆ ಮಾತ್ರ ಆಮೆಯ ನಡಿಗೆ. ಪರೀಕ್ಷೆಯಲ್ಲಿ ಉತ್ತರಗಳೆಲ್ಲ ತಲೆಯಲ್ಲಿ ಕೂತಿರುತ್ತವೆ, ಕೈ ಅವುಗಳನ್ನು ಹಾಳೆಗೆ ಇಳಿಸುವಷ್ಟರಲ್ಲಿ ಗಂಟೆ ಬಾರಿಸುತ್ತದೆ. ಕಾಲೇಜಿಗೆಂದು ಅತ್ತೆಯ ಮನೆಗೆ ಬಂದ ಮೇಲೆ ಇನ್ನೊಂದು ಶುರುವಾಯಿತು. ಅತ್ತೆ ನನ್ನನ್ನು ಮಗಳಂತೆಯೇ ನೋಡಿಕೊಳ್ಳುತ್ತಾಳೆ, ಸುಳ್ಳು ಹೇಳಬಾರದು. ಬಾದಾಮಿ ಹಾಲು ಮಾಡಿದರೆ ಮೊದಲ ಲೋಟ ನನಗೇ. ಆದರೆ ಬೆಳಗಿನಿಂದ ಸಂಜೆಯವರೆಗೆ ಒಂದೇ ಮಂತ್ರ: ‘ಆ ಕೈ ಅಲ್ಲ, ಈ ಕೈ.’ ಹಾಲಿನವನಿಂದ ಪಾಕೀಟು ಇಸಿದುಕೊಳ್ಳುವಾಗ, ಬಾಜೂಮನೆಯವರಿಗೆ ಅರಿಸಿನ ಕುಂಕುಮ ಕೊಡುವಾಗ, ಬಾಗಿಲು ತೆಗೆಯುವಾಗಲೂ. ಬಾಗಿಲಿಗೆ ಏನು ಗೊತ್ತು ಪಾಪ, ಯಾವ ಕೈ ಎಂದು?

ಈಗ ನೂಲಿನ ವಿಷಯ. ಬೇಸಿಗೆಯ ರಜೆಯಲ್ಲಿ ನಾನು ಮಮದಾಪುರದಲ್ಲಿದ್ದಾಗ ಅಜ್ಜಿ ಈ ಕಂಬಳಿಗೆ ನೂಲಲು ಕೂತಿದ್ದಳು. ಅರ್ಧ ಮುಗಿಯುವಷ್ಟರಲ್ಲಿ ಅವಳ ಹೆಬ್ಬೆರಳು ಬಾತುಕೊಂಡು ಕದಿರು ತಿರುಗಿಸಲಾಗದಂತಾಯಿತು. ಕದಿರನ್ನು ನನ್ನ ಕೈಗೆ ಕೊಟ್ಟು ‘ಬಲಗೈಲೆ ನೂಲು ನನ್ನವ್ವಾ’ ಎಂದು ಹೇಳಿ ಮಲಗಿದಳು. ಬಲದೊಡೆಯ ಮೇಲೆ ಕದಿರು ಉರುಳಿಸಿದೆ. ಎಳೆ ಒಂದು ಮೊಳ ಬರುವುದು, ಪಟ್ಟನೆ ಹರಿಯುವುದು. ಎಲ್ಲಿ ನೋಡಿದರೂ ಗಂಟು. ಸಿಟ್ಟು ಬಂತು. ಅಜ್ಜಿಯ ಗೊರಕೆ ಕೇಳಿಸಿದ ಮೇಲೆ ಕದಿರನ್ನು ಎಡದೊಡೆಗೆ ತಂದು ಎಡಗೈಯಲ್ಲಿ ಉರುಳಿಸಿ ಬಿಟ್ಟೆ. ಯಪ್ಪಾ, ಎಳೆ ಹೇಗೆ ಬಂತು ಗೊತ್ತೇ! ಶಾವಿಗೆಯಂತೆ ಒಂದೇ ಸಮ, ಬೇಡ ಬೇಡ ಎಂದರೂ ಬರುತ್ತಲೇ ಇತ್ತು. ನನ್ನ ಕೈಯಿಂದ ಒಂದು ಕೆಲಸ ಅಷ್ಟು ಸಲೀಸಾಗಿ ಆದದ್ದು ಅದೇ ಮೊದಲು. ಎದ್ದು ಕುಣಿಯಬೇಕೆನಿಸಿತು. ಉಳಿದ ಉಣ್ಣೆಯನ್ನೆಲ್ಲ ಹಾಗೆಯೇ ನೂತು, ಉಂಡೆ ಸುತ್ತಿ ಅಜ್ಜಿಯ ಉಂಡೆಗಳ ಬುಟ್ಟಿಯಲ್ಲೇ ಹಾಕಿದೆ. ಅಜ್ಜಿ ಎಳೆಯನ್ನು ಬೆರಳಲ್ಲಿ ಸವರಿ ನೋಡಿ ‘ಬಲಗೈ ಪಳಗಿತು ನೋಡು’ ಎಂದಳು. ನಾನು ಸುಮ್ಮನೆ ನಕ್ಕೆ. ಹೊಗಳಿಕೆಯನ್ನು ಯಾರು ತಿದ್ದುತ್ತಾರೆ?

ಎಡಗೈಯಲ್ಲಿ ನೂತರೆ ನೂಲಿನ ಹುರಿ ಉಲ್ಟಾ ತಿರುಗುತ್ತದೆ ಎಂದು ನನಗೂ ಹೊಳೆಯಲಿಲ್ಲ, ಎಲ್ಲರೂ ಬಲಗೈಯಲ್ಲೇ ನೂಲುವ ನಮ್ಮವರಿಗೂ ಅಂಥದ್ದು ಎಂದೂ ಎದುರಾಗಿರಲಿಲ್ಲ. ನಿಡೋಣಿಯ ನೇಕಾರ ಶಿವಲಿಂಗ ಕಾಕಾ ಬುಟ್ಟಿಯಲ್ಲಿ ಕೈಗೆ ಸಿಕ್ಕ ಉಂಡೆ ತೆಗೆದು ಲಾಳಿಗೆ ಹಾಕಿ ನೇಯ್ದಿದ್ದಾನೆ. ಒಮ್ಮೆ ಅಜ್ಜಿಯ ಉಂಡೆ, ಒಮ್ಮೆ ನನ್ನದು. ಮಗ್ಗದ ಮೇಲೆ ಬಿಗಿಯಾಗಿದ್ದಾಗ ಏನೂ ಕಾಣಿಸಿಲ್ಲ. ತೊಳೆದು, ಮಡಚಿ, ಅಜ್ಜಿಯ ಕೈಗೆ ಕೊಟ್ಟಿದ್ದಾನೆ. ಅಜ್ಜಿ ಬುಧವಾರ ಬಬಲೇಶ್ವರದ ಮೇಲೆ ಬರುವ ಬಸ್ಸಿನಲ್ಲಿ ಅದನ್ನು ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಇಲ್ಲಿಗೆ ತಂದಳು.

ಅತ್ತೆ ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದಳು, ನೋಡುತ್ತಾಳೆ, ಕಂಬಳಿಯ ತುಂಬ ಪಟ್ಟಿ. ಬಣ್ಣದಲ್ಲಿ ಒಂದಿಷ್ಟೂ ಫರಕಿಲ್ಲ, ಎಲ್ಲ ನಿನ್ನ ಕುರಿಯ ಕಪ್ಪೇ. ಆದರೆ ಒಂದು ಪಟ್ಟಿ ಬಿಸಿಲಿಗೆ ಮಿಂಚುತ್ತದೆ, ಪಕ್ಕದ್ದು ಮಬ್ಬಾಗಿ ಕೂತಿರುತ್ತದೆ. ಎದುರಿನ ಕಡೆ ಹೋಗಿ ನಿಂತರೆ ಮಬ್ಬಾದದ್ದು ಮಿಂಚುತ್ತದೆ, ಮಿಂಚಿದ್ದು ಮಬ್ಬು. ನನಗೆ ಕಣ್ಣು ಕೀಳಲಾಗಲಿಲ್ಲ. ಅತ್ತೆ ಮಾತ್ರ ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟಳು. ‘ಯವ್ವಾ, ಇದೇನ ಆತ್ ಬೇ! ನನ್ನ ತವರಮನಿ ಮರ್ಯಾದಿ ತಿಕೋಟಾ ಮಂದಿ ಮುಂದ ಹೋತಲ್ಲ!’ ಅಜ್ಜಿಗೆ ದೃಷ್ಟಿ ಮಂದ, ಮೂಗಿಗೆ ಹಿಡಿದು ನೋಡಿದರೂ ತಿಳಿಯಲಿಲ್ಲ. ನಾನು ಅಂಚಿನಲ್ಲಿ ಎರಡೂ ಬಗೆಯ ಪಟ್ಟಿಯಿಂದ ಒಂದೊಂದು ಎಳೆ ಎಳೆದು ಬೆರಳಲ್ಲಿ ಬಿಡಿಸಿ ನೋಡಿದೆ. ಅಜ್ಜಿಯ ಎಳೆ ಈ ಕಡೆ ಬಿಚ್ಚಿಕೊಂಡಿತು, ನನ್ನದು ಆ ಕಡೆ. ಆಗ ಅರ್ಥವಾಯಿತು. ಹೇಳಿಯೂ ಬಿಟ್ಟೆ.

ಅಜ್ಜಿ ಬೈಯಲಿಲ್ಲ. ನನ್ನ ಎಡಗೈಯನ್ನು ಹಿಡಿದು, ಅಂಗೈ ತಿರುಗಿಸಿ ಬಹಳ ಹೊತ್ತು ನೋಡಿ ಬಿಟ್ಟಳು. ಬೈಗುಳದ ಪಾಲನ್ನೆಲ್ಲ ಅತ್ತೆಯೇ ವಹಿಸಿಕೊಂಡಳು. ‘ಎಡಗೈ ನೂಲಿನ ಮ್ಯಾಲ ಹೆಣ್ಣ ಕುಂಡ್ರಸ್ತಾರೇನ? ನಿನ್ನ ಕೈಯಾಗ ಒಂದ ಕೆಲಸರ ನೆಟ್ಟಗ ಆಗ್ಯಾದೇನ?’ ಶ್ರೀಶೈಲ ಮಾವ ಪಾಪ, ಆಫೀಸಿನಿಂದ ಬಂದವರು ಚಹಾ ಸಹ ಕುಡಿಯದೆ ಬಜಾರಿಗೆ ಹೋಗಿ ಮಿಷನ್ನಿನ ಕಂಬಳಿ ತರುತ್ತೇನೆಂದು ಸ್ಕೂಟರಿನ ಚಾವಿ ಹಿಡಿದರು. ಆಗ ಅಜ್ಜಿ ಬಾಯಿ ಬಿಟ್ಟಳು. ‘ನನ್ನ ಮಗನ ಕುರಿ ಉಣ್ಣಿ ಬಿಟ್ಟು ಅಂಗಡಿ ಕಂಬಳಿ ಹಾಸೋದಾದ್ರ ನಾ ಈಗ ಬಸ್ ಹಿಡಿತೇನಿ.’ ನಿಮ್ಮವ್ವ ರುದ್ರವ್ವನ ಮಾತು ಗೊತ್ತಲ್ಲ, ಬರೆದಿಟ್ಟ ಹಾಗೆ. ಕೊನೆಗೆ ಒಂದು ರಾಜಿಯಾಯಿತು. ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸುವುದು, ಹಾಗಾದರೆ ಪಟ್ಟಿ ಅಷ್ಟು ಕಾಣುವುದಿಲ್ಲ. ನೀನಿಲ್ಲದ್ದರಿಂದ ಹಾಸುವುದು ನಾನು, ಆದರೆ ಬಲಗೈಯಲ್ಲಿ. ಹಾಸಿದ ಮೇಲೆ ನಾನು ಅಡುಗೆಮನೆ ಸೇರಬೇಕು, ಬೀಗರ ಪಂಕ್ತಿಯಲ್ಲಿ ಬಡಿಸಲು ಬರಕೂಡದು. ಯಾರಾದರೂ ಪಟ್ಟಿಯ ಬಗ್ಗೆ ಕೇಳಿದರೆ ನೇಕಾರ ಕೆಡಿಸಿದ ಎಂದು ಹೇಳುವುದು.

ಯಪ್ಪಾ, ಅಡುಗೆಮನೆ ಸೇರು ಎಂದದ್ದಕ್ಕೆ ನನಗೆ ಅಳು ಬಂತು, ಬಚ್ಚಲಿಗೆ ಹೋಗಿ ಅತ್ತು ಮುಖ ತೊಳೆದುಕೊಂಡೆ, ಮುಗಿಯಿತು. ಆದರೆ ನೇಕಾರ ಕೆಡಿಸಿದ ಎಂಬ ಕೊನೆಯ ಮಾತನ್ನು ಮಾತ್ರ ನನಗೆ ಒಪ್ಪಲಾಗಲಿಲ್ಲ. ಶಿವಲಿಂಗ ಕಾಕಾನ ತಪ್ಪೇನು? ಅವನು ನೇಯ್ದ ಕಂಬಳಿಯನ್ನು ಹೊದ್ದು ನೀನು ಎಷ್ಟು ಮಳೆ ಕಳೆದಿಲ್ಲ? ಇನ್ನೂ ಒಂದಿತ್ತು, ಹೇಳಿಬಿಡುತ್ತೇನೆ. ನೇಕಾರ ಕೆಡಿಸಿದ ಎಂದರೆ ಆ ಪಟ್ಟಿಗಳು ಕೆಟ್ಟವು ಎಂದಾಯಿತಲ್ಲ. ನಾನು ಬಿಸಿಲಲ್ಲಿ ಅವುಗಳನ್ನು ನೋಡಿದ್ದೆ. ಅವು ಕೆಟ್ಟಿರಲಿಲ್ಲ. ನನ್ನ ಕೈ ಮಾಡಿದ ಅತ್ಯಂತ ಚೆಂದದ ಕೆಲಸ ಅದು, ಅದನ್ನು ಬೇರೆಯವರ ತಪ್ಪು ಎಂದು ಹೇಗೆ ಹೇಳಲಿ?

ಗುರುವಾರ ಚಪ್ಪರ ತುಂಬಿತ್ತು. ಮುಂದಿನ ಸಾಲಿನಲ್ಲಿ ಹುಡುಗನ ಅಜ್ಜಿ ರೇಣುಕವ್ವ, ಇಳಕಲ್ ಸೀರೆ, ಬಾಯಿ ತುಂಬ ಎಲೆ ಅಡಿಕೆ, ತಿಕೋಟಾದ ಮಂದಿಯೆಲ್ಲ ಅವಳ ಮುಖ ನೋಡಿಯೇ ಕೆಮ್ಮುವುದು. ‘ಸೋದರಮಾವನ ಕಂಬಳಿ ಬರಲಿ’ ಎಂದರು. ನಾನು ನಾಲ್ಕು ಮಡಿಕೆಯ ಕಂಬಳಿ ಎತ್ತಿಕೊಂಡು ನಡುವೆ ಬಂದೆ. ಬಲಗೈಯಲ್ಲಿ ಅಂಚು ಹಿಡಿದು ಹಾಕಿದೆ. ಆ ಕೈಗೆ ಅಭ್ಯಾಸವಿಲ್ಲ, ಕಂಬಳಿಯೋ ಭಾರ. ಮಡಿಕೆ ಜಾರಿ, ಬಿಚ್ಚಿಕೊಂಡು, ಮಲಗಿದ ಎಮ್ಮೆಯಂತೆ ಮುದ್ದೆಯಾಗಿ ಬಿತ್ತು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ‘ಮಾವ ಇಲ್ಲದ ಮನಿ ಕಂಬಳಿ ಹಿಂಗ ನೋಡ್ರಿ’ ಎಂದು ಇನ್ನೊಬ್ಬರು. ನನ್ನ ಕಿವಿ ಬಿಸಿಯಾದವು. ನನ್ನನ್ನು ನೋಡಿ ನಕ್ಕರೆ ನಗಲಿ, ನಿನ್ನ ಹೆಸರಿಗೆ ನಕ್ಕರೆ? ಬಾಗಿ ಅಂಚು ಹುಡುಕಿದೆ. ಎಡಗೈಗೆ ಬಂತು. ಮಮದಾಪುರದ ಕಟ್ಟೆಯ ಮೇಲೆ ದಿನಾ ಹಾಸಿಗೆ ಹಾಸುವಂತೆ ಒಂದೇ ಸಲ ಝಾಡಿಸಿ ಬಿಟ್ಟೆ. ಕಂಬಳಿ ಪೂರಾ ಬಿಚ್ಚಿಕೊಂಡು, ಗಾಳಿ ತುಂಬಿಕೊಂಡು, ನಾಲ್ಕೂ ಮೂಲೆ ಒಟ್ಟಿಗೆ ನೆಲಕ್ಕೆ ಕೂತವು. ಚಪ್ಪರದ ಸಂದಿಯ ಬಿಸಿಲು ಅದರ ಮೇಲೆ ಬಿತ್ತು. ಅಷ್ಟೂ ಪಟ್ಟಿ ಎದ್ದು ಕಂಡವು.

ರೇಣುಕವ್ವ ಎಲೆ ಅಗಿಯುವುದನ್ನು ನಿಲ್ಲಿಸಿ ಕೇಳಿದಳು, ‘ಇದೇನ ಹಿಂಗೈತಿ?’ ಅತ್ತೆ ಹಲ್ಲು ಕಿರಿದು ‘ಅದು ನಿಡೋಣಿ ನೇಕಾರ’ ಎಂದು ಶುರುಮಾಡಿದಳು. ಅದು ಮುಗಿಯುವ ಮೊದಲೇ ನನ್ನ ಬಾಯಿಂದ ಬಂದುಬಿಟ್ಟಿತು, ‘ನೇಕಾರಂದು ಏನೂ ಇಲ್ರಿ ಆಯಿ. ಇದರ ನೂಲು ಅರ್ಧಾ ನಾ ನೂತೇನಿ. ಎಡಗೈಲೆ ನೂತೇನಿ. ಹುರಿ ಉಲ್ಟಾ ಬಿದ್ದೈತಿ, ಅದಕ್ಕ ಹಂಗ ಮಿಂಚತೈತಿ.’ ನನ್ನ ಧ್ವನಿ ಕುರಿಗಳನ್ನು ಕೂಗಿ ಕರೆಯುವಾಗಿನಂತೆ ಹಿಂದಿನ ಸಾಲಿನವರೆಗೂ ಮುಟ್ಟಿತು, ಅದು ನೀನು ಕೊಟ್ಟ ಗಂಟಲು. ರೇಣುಕವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ‘ಶುಭ ಕಾರ್ಯಕ್ಕ ಎಡಗೈ ನೂಲು ತಂದಿ? ಊಟಾ ಯಾವ ಕೈಲೆ ಮಾಡ್ತಿ?’ ನಾನು ಹೇಳಿದೆ, ‘ಊಟಾ ಬಲಗೈಲೆ ಮಾಡ್ತೇನ್ರಿ, ಕೆಲಸಾ ಎಡಗೈಲೆ. ಎರಡೂ ದೇವರ ಕೊಟ್ಟಾನ್ರಿ, ಎರಡೂ ನನ್ನವ ಅದಾವ. ಮೂಲಿ ನೋಡ್ರಿ, ನಿಮ್ಮ ಮನಿ ಕಂಬಳಿ ಮೂಲಿ ಮುದುಡಿಕೊಂತಾವಲ್ಲ, ಇದರದು ಹೆಂಗ ನೆಟ್ಟಗ ಕುಂತಾವ.’ ಅದು ಸುಳ್ಳಲ್ಲ ಯಪ್ಪಾ, ಮಾಳಿಗೆಯ ಮೇಲೆಯೇ ಗಮನಿಸಿದ್ದೆ. ಒಂದು ಎಳೆ ಆ ಕಡೆ ಎಳೆದರೆ ಇನ್ನೊಂದು ಈ ಕಡೆ ಎಳೆದು ಕಂಬಳಿಯನ್ನು ಸಮ ಹಿಡಿದಿದ್ದವು.

ಯಾರೋ ‘ಬಾಯಿ ಭಾಳ ಐತಿ ಹುಡಗಿದು’ ಎಂದರು. ಯಾರೋ ‘ಬ್ಯಾರೆ ಕಂಬಳಿ ಇದ್ರ ತರ್ರಿ’ ಎಂದರು. ನನ್ನ ಅದೃಷ್ಟ, ಅಷ್ಟರಲ್ಲೇ ದೀಪಾಲಿ ಅಕ್ಕ ಒಳಗಿನಿಂದ ಬಂದಳು. ಅವಳನ್ನು ಇನ್ನೂ ಯಾರೂ ಕರೆದಿರಲಿಲ್ಲ. ಹೆಣ್ಣು ತಲೆ ತಗ್ಗಿಸಿ, ಇಬ್ಬರು ಮುತ್ತೈದೆಯರ ನಡುವೆ, ಮೆಲ್ಲಗೆ ಬರಬೇಕಲ್ಲ? ಇವಳು ಸೀರೆಯ ನಿರಿಗೆ ಎತ್ತಿ ಹಿಡಿದು ದಡದಡ ಬಂದು ಕಂಬಳಿಯ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. ‘ನಮ್ಮ ಮಾಮಾನ ಉಣ್ಣಿ, ನಮ್ಮ ಲಲ್ಲಿ ನೂಲು. ನನಗ ಇದ ಬೇಕು’ ಎಂದಳು. ಹುಡುಗ ಆ ಕಡೆ ಮುಖ ತಿರುಗಿಸಿ ನಗುತ್ತಿದ್ದ. ರೇಣುಕವ್ವ ಅವಳನ್ನು ನೋಡಿದಳು, ನನ್ನನ್ನು ನೋಡಿದಳು, ಕಂಬಳಿಯ ಮೂಲೆಯನ್ನು ಕಾಲಿನ ಹೆಬ್ಬೆರಳಲ್ಲಿ ಎತ್ತಿ ನೋಡಿದಳು. ಆಮೇಲೆ ಪೀಕದಾನಿಯಲ್ಲಿ ಉಗುಳಿ ‘ಕುಂತಾಳಲ್ಲ! ಕುಂತ ಹೆಣ್ಣ ಎಬ್ಬಸಬಾರದು. ಉಡಿ ತುಂಬ್ರಿ’ ಎಂದಳು. ತಿಕೋಟಾದ ಮಂದಿ ಒಟ್ಟಿಗೆ ಕೆಮ್ಮಿದರು. ಶಾಸ್ತ್ರ ನಡೆಯಿತು. ಮುಗಿದ ಮೇಲೆ ಅವರ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬಂದು, ಈ ಕಡೆ ನಿಂತು ಆ ಕಡೆ ನಿಂತು, ಕಂಬಳಿಯನ್ನು ಮುಟ್ಟಿ ಮುಟ್ಟಿ ನೋಡಿದರು. ನೀನು ಹೇಳಿದಂತೆಯೇ ಆಯಿತು, ಅಮೋಘಸಿದ್ದನ ಕಂಬಳಿ. ಅಮೋಘಸಿದ್ದನ ಮಗಳದ್ದೂ ಹೌದು ಎಂದು ನಾನು ಪ್ರತಿಯೊಬ್ಬರಿಗೂ ನೆನಪು ಮಾಡಿಕೊಟ್ಟೆ. ಸೊಕ್ಕು ಎನ್ನುತ್ತೀಯಾ? ಅನ್ನು. ಆ ದಿನ ನನಗೆ ಸೊಕ್ಕೇ ಬಂದಿತ್ತು.

ಅತ್ತೆ ಊಟದ ಹೊತ್ತಿನವರೆಗೂ ನನ್ನ ಜೊತೆ ಮಾತಾಡಲಿಲ್ಲ. ಪಂಕ್ತಿ ಕೂತಾಗ ನಾನು ರಾಜಿಯ ಮಾತಿನಂತೆ ಅಡುಗೆಮನೆಯಲ್ಲೇ ಇದ್ದೆ. ಅವಳು ಬಂದು ಹೋಳಿಗೆಯ ಬುಟ್ಟಿಯನ್ನು ನನ್ನ ಮುಂದೆ ಧಪ್ಪೆಂದು ಇಟ್ಟು ‘ಏನ್ ನೋಡ್ತಿ? ಹೋಗ, ಬೀಗರು ಕುಂತಾರ’ ಎಂದಳು. ಯಾವ ಕೈ ಎಂದು ಹೇಳಲಿಲ್ಲ. ಈ ಮನೆಗೆ ಬಂದ ಮೇಲೆ ಅವಳು ಅದನ್ನು ಹೇಳದೆ ಬಿಟ್ಟದ್ದು ಅದೇ ಮೊದಲು. ಹೋಳಿಗೆಯನ್ನು ನಾನು ಬಲಗೈಯಲ್ಲೇ ಬಡಿಸಿದೆ, ಬಡಿಸಲು ಬರುವ ಕಡೆ ಜಗಳ ಯಾಕೆ? ಬಿಸಿ ತುಪ್ಪದ ತಂಬಿಗೆ ಮಾತ್ರ ಎಡಗೈಯಲ್ಲಿ ಹಿಡಿದೆ, ಒಂದು ಹನಿ ಎಲೆಯಾಚೆ ಬೀಳಲಿಲ್ಲ. ರೇಣುಕವ್ವ ನೋಡಿಯೂ ನೋಡದವಳಂತೆ ಇನ್ನೊಂದು ಸಲ ಹಾಕಿಸಿಕೊಂಡಳು.

ಶಿವಲಿಂಗ ಕಾಕಾನಿಗೂ ಸುದ್ದಿ ಮುಟ್ಟಿದೆ. ತನ್ನ ಹೆಸರು ಉಳಿಸಿದ್ದಕ್ಕೆ ಖುಷಿ, ಆದರೆ ತನಗೆ ಮೊದಲೇ ಹೇಳಲಿಲ್ಲವೆಂದು ಸಿಟ್ಟು. ‘ಮೊದಲ ಗೊತ್ತಿದ್ರ ಪಟ್ಟಿ ಒಂದ ಸಮ ತರ್ತಿದ್ದೆ, ಹುಚ್ಚ ಹುಡಗಿ’ ಎಂದು ಫೋನಿನಲ್ಲಿ ಬೈದ. ಮುಂದಿನ ಕಂಬಳಿಗೆ ಎಲ್ಲಿ ಎಷ್ಟು ಅಗಲದ ಪಟ್ಟಿ ಬೇಕೆಂದು ನಾನೇ ಹೇಳಬೇಕಂತೆ. ಆದ್ದರಿಂದ ಚಳಿ ಕಳೆದ ಮೇಲೆ ಕತ್ತರಿಸುವ ಉಣ್ಣೆಯಲ್ಲಿ ಒಳ್ಳೆಯದನ್ನು ತೆಗೆದಿಡು, ಯಾರಿಗೂ ಕೊಡಬೇಡ.

ಈಗ ಮಸಿಯ ವಿಷಯ. ನಿನ್ನೆ ಕಾಲೇಜಿನಲ್ಲಿ ಕಿರುಪರೀಕ್ಷೆ ಇತ್ತು. ನನ್ನ ಪಾಡಿಗೆ ನಾನು ರಫ್ ಹಾಳೆಗಳಲ್ಲಿ ಎಡಗೈಯಲ್ಲಿ ಬರೆದುಕೊಳ್ಳುವುದು ಮೊದಲಿನಿಂದಲೂ ಇತ್ತು, ಮಂದಿಯ ಮುಂದೆ ಮಾತ್ರ ಬಲಗೈ. ನಿನ್ನೆ ಪೆನ್ನನ್ನು ಎಡಗೈಗೆ ತೆಗೆದುಕೊಂಡೆ. ಪಕ್ಕದ ಬೆಂಚಿನ ಸಾಯಿರಾ ಕಣ್ಣರಳಿಸಿ ನೋಡಿದಳು, ಆಮೇಲೆ ತನ್ನ ಪಾಡಿಗೆ ತಾನು ಬರೆದಳು. ಅಕ್ಷರ ಅಷ್ಟು ದುಂಡಗಿಲ್ಲ, ಕೈಯ ಅಂಚೆಲ್ಲ ನೀಲಿಯಾಯಿತು, ಆದರೆ ಗಂಟೆ ಬಾರಿಸುವ ಮೊದಲೇ ಎಲ್ಲ ಪ್ರಶ್ನೆ ಮುಗಿಸಿ ಕಿಟಕಿಯ ಹೊರಗೆ ನೋಡುತ್ತ ಕೂತೆ. ಯಪ್ಪಾ, ಕೆಲಸ ಮುಗಿಸಿ ಕಿಟಕಿಯ ಹೊರಗೆ ನೋಡುವ ಸುಖವನ್ನು ನಾನು ಕಂಡಿರಲೇ ಇಲ್ಲ. ಈ ಪತ್ರವನ್ನೂ ಮೊದಲ ಅಕ್ಷರದಿಂದ ಎಡಗೈಯಲ್ಲೇ ಬರೆದಿದ್ದೇನೆ. ಕೈ ಮುಂದೆ ಸರಿದಂತೆ ಹಸಿ ಅಕ್ಷರದ ಮೇಲೆ ಉಜ್ಜಿಕೊಂಡು ಹೋಗುತ್ತದೆ, ಅದಕ್ಕೇ ಮಸಿ ಹರಡಿದೆ. ಬೇರೆ ಯಾರಿಂದಲೋ ಬರೆಸಿದ್ದಾಳೆ ಎಂದುಕೊಳ್ಳಬೇಡ. ನಿನ್ನ ಮಗಳ ನಿಜವಾದ ಅಕ್ಷರ ಇದೇ, ಗುರುತು ಮಾಡಿಕೋ.

ಅವ್ವನಿಗೆ ನನ್ನ ನೆನಪು ಹೇಳು, ಇಷ್ಟುದ್ದ ಓದಿ ನಿನ್ನ ಬಾಯಿ ಒಣಗಿದ್ದರೆ ಒಂದು ಲೋಟ ಮಜ್ಜಿಗೆ ಕೊಡಲು ಹೇಳು. ಚುಕ್ಕಿಯ ಕಿವಿ ಹಿಂಡಬೇಡ. ಹೊಳೆಯ ನೀರಿಗೆ ಇಳಿಯುವಾಗ ಹುಷಾರು. ನಮ್ಮ ದೇವರು ಸಿದ್ದಪ್ಪ ನಿಮ್ಮ ಹಿಂದೆಯೂ ಮುಂದೆಯೂ ನಿಂತು ಕಾಯಲಿ.

ನಿನ್ನ ಸೊಕ್ಕಿನ ಮಗಳು,
ಲಲಿತಾ

ತಾ.ಕ.: ಒಂದು ಮಾತು ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಧೈರ್ಯ ಸಾಲಲಿಲ್ಲ. ಇದನ್ನು ಮಮದಾಪುರಕ್ಕೆ ಒಯ್ದು ಗೊಲ್ಲಾಳಪ್ಪ ಕಾಕಾನಿಗೆ ಮುಟ್ಟಿಸುವವರು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾರೆ, ಬೇಗ ಬರೆಯುತ್ತೇನೆ. ಶುಕ್ರವಾರ ಅಜ್ಜಿಯನ್ನು ಬಸ್ಸಿಗೆ ಹತ್ತಿಸಲು ಹೋದಾಗ ಅವಳು ಮತ್ತೆ ನನ್ನ ಎಡಗೈ ಹಿಡಿದುಕೊಂಡು ಹೇಳಿದಳು: ‘ನಿಮ್ಮಪ್ಪನೂ ಹಿಂಗ ಇದ್ದ. ಅವನಪ್ಪ, ನಿಮ್ಮ ಮುತ್ಯಾ, ಹಗ್ಗದ್ಲೆ ಕಟ್ಟತಿದ್ದ. ಬಿಚ್ಚಾವ್ರು ಯಾರೂ ಇರಲಿಲ್ಲ.’ ನಿನ್ನ ಕಲ್ಲು ಯಾಕೆ ಗುರಿ ತಪ್ಪುವುದಿಲ್ಲ ಎಂದು ಆಗ ತಿಳಿಯಿತು. ಅದನ್ನು ಯಾವ ಕೈಯಲ್ಲಿ ಬೀಸುತ್ತೀ ಎಂದು ನಿನ್ನ ಹಿಂದೆಯೇ ತಿರುಗಿದ ನಾನು ಇಷ್ಟು ವರ್ಷ ನೋಡಲೇ ಇಲ್ಲ ನೋಡು. ಮಾಘದಲ್ಲಿ ಮದುವೆ. ಇದೇ ಕಂಬಳಿ, ಹಾಸುವವನು ಸೋದರಮಾವ, ತಪ್ಪಿಸುವಂತಿಲ್ಲ. ನಿನ್ನ ಕೈಗೆ ಹೇಗೆ ಬರುತ್ತದೋ ಹಾಗೆ ಹಾಸು. ಮಂದಿಯನ್ನು ನೋಡಿ ಕೈ ಹಿಂದೆ ಸರಿದರೆ, ನಾನು ಪಕ್ಕದಲ್ಲೇ ನಿಂತಿರುತ್ತೇನೆ, ನಿನ್ನ ಕಿವಿಯಲ್ಲಿ ಹೇಳುತ್ತೇನೆ: ‘ಇಲ್ಲಿ ಕುರಿ ಬಿಟ್ರ ಯಾರೂ ಇಲ್ಲ ಯಪ್ಪಾ. ಹಾಸು.’